ಹಾಜರಿ ಪುಸ್ತಕ ಮತ್ತು ಸಮುದ್ರ

ನಮ್ಮ ಚಿಟಗುಪ್ಪದಲ್ಲಿ ಹುಟ್ಟಿ ಬೆಳೆದವರಿಗೆ ಸಮುದ್ರವೆಂದರೆ ಭೂಪಟದ ಎಡಗಡೆಯ ನೀಲಿ ಬಣ್ಣ, ಅಷ್ಟೆ. ಇಪ್ಪತ್ತೈದು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದ ನಾನೂ ಬೆತ್ತದ ತುದಿಯಿಂದ ಕಾರವಾರ, ಮಲ್ಪೆ, ಮಂಗಳೂರುಗಳನ್ನು ತೋರಿಸಿದ್ದೆನೇ ಹೊರತು ಉಪ್ಪುನೀರಿಗೆ ಕಾಲಿಟ್ಟವಳಲ್ಲ. 2019ರ ಜನವರಿಯಲ್ಲಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಉಡುಪಿ ಕಡೆ ಪ್ರವಾಸ ಹೋದಾಗ ಮೊದಲ ಸಲ ಮಲ್ಪೆ ಬಂದರನ್ನು ಕಂಡೆ.

ಅಲ್ಲಿ ಆಗ ಎಲ್ಲರ ಬಾಯಲ್ಲೂ ಒಂದೇ ಮಾತು. ‘ಸುವರ್ಣ ತ್ರಿಭುಜ’ ಎಂಬ ಬೋಟು 2018ರ ಡಿಸೆಂಬರ್ 13ರಂದು ಏಳು ಮೀನುಗಾರರೊಂದಿಗೆ ಮಲ್ಪೆಯಿಂದ ಹೊರಟದ್ದು, ಎರಡು ಮೂರು ದಿನಗಳಲ್ಲೇ ಸಂಪರ್ಕ ಕಡಿದುಕೊಂಡಿತ್ತು. ಹುಡುಕಿಕೊಡಿ ಎಂದು ಸಾವಿರಾರು ಮೀನುಗಾರರು ಹೆದ್ದಾರಿಗೆ ಇಳಿದಿದ್ದರು. ನಮ್ಮ ತರಗತಿಯ ಹುಡುಗನೊಬ್ಬ ಎಲ್ಲವನ್ನೂ ಕೇಳಿಸಿಕೊಂಡು ನನ್ನ ಸೆರಗು ಹಿಡಿದು ಕೇಳಿದ: “ಮೇಡಂರಿ, ಬೋಟಿನಾಗ ಜಿಪಿಎಸ್ ಇರ್ತದಂತಲ್ಲರಿ, ಮತ್ತ ಹ್ಯಾಂಗ ಕಳೀತು?”

ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ಸಾಧಾರಣ ಜಿಪಿಎಸ್ ಯಂತ್ರ, ‘ನೀನು ಇಲ್ಲಿದ್ದೀ’ ಎಂದು ಬೋಟಿನ ತಾಂಡೇಲನಿಗೆ ಹೇಳುತ್ತದೆ. ದಡದವರಿಗೆ ಏನೂ ಹೇಳುವುದಿಲ್ಲ. ಬೋಟು ಎಲ್ಲಿದೆ ಎಂದು ದಡಕ್ಕೆ ತಿಳಿಯಬೇಕಾದರೆ ಸುದ್ದಿ ಕಳಿಸುವ ಬೇರೆಯೇ ಸಾಧನ ಬೇಕು. ಅದಕ್ಕೆ ಟ್ರಾನ್ಸ್‌ಪಾಂಡರ್ ಎನ್ನುತ್ತಾರೆ. ಸುವರ್ಣ ತ್ರಿಭುಜದ ಅವಶೇಷವನ್ನು 2019ರ ಮೇ ತಿಂಗಳಲ್ಲಿ ನೌಕಾಪಡೆ ಮಹಾರಾಷ್ಟ್ರದ ಮಾಲ್ವಣದಾಚೆ ಕಡಲ ತಳದಲ್ಲಿ ಪತ್ತೆ ಮಾಡಿತು. ಆ ಏಳು ಜನ ಮನೆಗೆ ಬರಲಿಲ್ಲ.

ಹಾಗಾದರೆ ಎಲ್ಲ ಬೋಟಿಗೂ ಟ್ರಾನ್ಸ್‌ಪಾಂಡರ್ ಹಾಕಿದರಾಯಿತಲ್ಲ ಎಂದು ಅನ್ನಿಸುವುದು ಸಹಜ. ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಆ ಸಾಧನದ ಹಿಂದೆ ಬೇರೊಂದು ಚರಿತ್ರೆಯೂ ಇದೆ. ಅದು ಕಾಪಾಡುವ ಚರಿತ್ರೆಯಲ್ಲ, ಕಾವಲಿನ ಚರಿತ್ರೆ.

ಕರಾವಳಿಯಲ್ಲಿ ಹಿಂದೆ ರಂಪಣಿ ಬಲೆಯ ಕಾಲವಿತ್ತು. ಊರಿನ ಹತ್ತಾರು ಮಂದಿ ದಡದಲ್ಲಿ ನಿಂತು ಒಂದೇ ಬಲೆಯನ್ನು ಎಳೆದು ಮೀನು ಹಂಚಿಕೊಳ್ಳುತ್ತಿದ್ದರು. 1970ರ ದಶಕದ ನಡುವೆ ಯಂತ್ರದ ಬೋಟುಗಳ ಪರ್ಸೀನ್ ಬಲೆ ಬಂದು, ಮೀನು ದಡಕ್ಕೆ ಬರುವ ಮೊದಲೇ ಹಿಡಿಯತೊಡಗಿತು. ರಂಪಣಿಯವರಿಗೂ ಪರ್ಸೀನಿನವರಿಗೂ ಜಗಳವಾಯಿತು. ಕಡಲಿಗೂ ಒಂದು ಕಟ್ಟಳೆ ಬೇಕೆಂದು 1986ರಲ್ಲಿ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂತು. ಈಗ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಬೋಟುಗಳು ಮೀನು ಹಿಡಿಯುವಂತಿಲ್ಲ. ಅದು ಮೀನು ಮರಿ ಮಾಡುವ ಕಾಲ. 2017ರ ನವೆಂಬರ್‌ನಲ್ಲಿ ಕೇಂದ್ರ ಸರಕಾರ, ರಾತ್ರಿ ಪ್ರಖರ ದೀಪ ಉರಿಸಿ ಮೀನು ಸೆಳೆಯುವುದನ್ನೂ, ಎರಡು ಬೋಟು ಜೊತೆಯಾಗಿ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ನಿಷೇಧಿಸಿತು. ಕದ್ದು ಹಿಡಿದವನಿಗೆ ಒಂದು ದಿನದ ಲಾಭ. ಬರಿಗೈಯಲ್ಲಿ ಮರಳುವವನು ನಾಡದೋಣಿಯ ಬಡವ. ಹೀಗಾಗಿ ಕಾವಲು ಬೇಡ ಎನ್ನಲು ನನಗೆ ಬಾಯಿಲ್ಲ.

ಹಳೆಯ ಪದ್ಧತಿಯಲ್ಲಿ, ಬೋಟು ನಿಯಮ ಮುರಿದಿದೆ ಎಂದು ನಂಬಲು ಕಾರಣವಿದ್ದರೆ ಅಧಿಕಾರಿ ಹತ್ತಿ ತಪಾಸಣೆ ಮಾಡಬಹುದು. ನ್ಯಾಯಾಧೀಶರ ವಾರಂಟ್ ಬೇಕಿಲ್ಲ. ನಡುಗಡಲಿನಲ್ಲಿ ವಾರಂಟಿಗೆ ಕಾಯುತ್ತ ಕೂತರೆ ಬೋಟು ಎಲ್ಲಿರುತ್ತದೆ? ಅದು ಸರಿಯೇ. ಆದರೆ ಅಲ್ಲಿಯೂ ‘ಕಾರಣವಿದ್ದರೆ’ ಎಂಬ ಒಂದು ಮಾತಿತ್ತು. ಟ್ರಾನ್ಸ್‌ಪಾಂಡರ್ ಬಂದರೆ ಆ ಮಾತೂ ಬೇಕಿಲ್ಲ. ತಪ್ಪು ಮಾಡಿದವನೂ ಮಾಡದವನೂ ಹಗಲು ರಾತ್ರಿ ದಡಕ್ಕೆ ಹಾಜರಿ ಕೊಡುತ್ತಲೇ ಇರಬೇಕು.

2008ರ ನವೆಂಬರ್‌ನಲ್ಲಿ ಭಯೋತ್ಪಾದಕರು ಗುಜರಾತಿನ ‘ಕುಬೇರ’ ಎಂಬ ಮೀನುಗಾರಿಕೆ ಬೋಟನ್ನು ಅಪಹರಿಸಿ ಮುಂಬೈಗೆ ಬಂದ ಮೇಲೆ ಈ ಕಾವಲು ಬಿಗಿಯಾಯಿತು. ಆ ಬೋಟಿನ ಮೀನುಗಾರರೇ ಮೊದಲು ಪ್ರಾಣ ಕಳೆದುಕೊಂಡವರು. ಆದರೂ ಅಂದಿನಿಂದ ಗುರುತಿನ ಚೀಟಿ ಹಿಡಿದು ನಿಲ್ಲಬೇಕಾದವರು ದೇಶದ ಮೀನುಗಾರರೇ. 2024ರ ಆಗಸ್ಟ್ 30ರಂದು, ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರುಗಳನ್ನು ಒಂದು ಲಕ್ಷ ಬೋಟುಗಳಿಗೆ ಅಳವಡಿಸುವ ಸುಮಾರು 360 ಕೋಟಿ ರೂಪಾಯಿಯ ಯೋಜನೆಗೆ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಚಾಲನೆ ಸಿಕ್ಕಿತು. ಇದರಲ್ಲಿ ಒಂದು ಒಳ್ಳೆಯ ಗುಣವಿದೆ: ಮಾತು ಎರಡೂ ಕಡೆಯಿಂದ ನಡೆಯುತ್ತದೆ. ಬಿರುಗಾಳಿಯ ಸುದ್ದಿ ಬೋಟಿಗೆ ಬರುತ್ತದೆ, ಅಪಾಯದ ಕರೆ ದಡಕ್ಕೆ ಹೋಗುತ್ತದೆ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳದೆ ಮುಂದೆ ಹೋಗಲಾರೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ತರಗತಿಯಲ್ಲಿ ಮಕ್ಕಳಿಂದ ಕೂಡಿಸಿದ ಹಣ ಕಾಣೆಯಾಯಿತು. ನಲವತ್ತು ಮಕ್ಕಳಿದ್ದರು, ನಾನು ಬಿಚ್ಚಿಸಿದ್ದು ಒಂದೇ ಚೀಲ. ಊರ ಹೊರಗಿನ ಡೇರೆಯಿಂದ ಬರುತ್ತಿದ್ದ ಹುಡುಗನದು. ಏನೂ ಸಿಗಲಿಲ್ಲ. ಎರಡು ದಿನ ಕಳೆದು ಹಣ ನನ್ನ ಹಾಜರಿ ಪುಸ್ತಕದ ರಟ್ಟಿನ ಹೊದಿಕೆಯೊಳಗೇ ಸಿಕ್ಕಿತು. ಹುಡುಗ ಅಳಲಿಲ್ಲ, ದೂರಲಿಲ್ಲ. ಆದರೆ ಅಂದಿನಿಂದ ದಿನಾ ಮುಂಜಾನೆ ತರಗತಿಗೆ ಬಂದ ಕೂಡಲೇ, ಯಾರೂ ಕೇಳದಿದ್ದರೂ, ತಾನೇ ಚೀಲ ಬಿಚ್ಚಿ ತೋರಿಸಿ ಕೂಡುತ್ತಿದ್ದ.

ಆ ಕೈಗಳಿಗೆ ಅದನ್ನು ಕಲಿಸಿದವಳು ನಾನೊಬ್ಬಳೇ ಅಲ್ಲ. 1871ರಲ್ಲಿ ಬ್ರಿಟಿಷರು ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯಿದೆ, ಇಡೀ ಇಡೀ ಜಾತಿಗಳನ್ನು ಹುಟ್ಟುಗಳ್ಳರೆಂದು ಪಟ್ಟಿ ಮಾಡಿ, ಪೊಲೀಸರ ಮುಂದೆ ಹಾಜರಿ ಹಾಕಿಸಿತು, ಪರವಾನಗಿಯಿಲ್ಲದೆ ಊರು ಬಿಡದಂತೆ ಕಟ್ಟಿಹಾಕಿತು. ಹುಬ್ಬಳ್ಳಿಯ ಸೆಟ್ಲಮೆಂಟ್ ಎಂಬ ಹೆಸರು ಆ ಕಾಲದ್ದೇ. 1952ರಲ್ಲಿ ಕಾಯಿದೆ ರದ್ದಾಯಿತು, ಸಂಶಯ ರದ್ದಾಗಲಿಲ್ಲ. ಮೀನುಗಾರರ ಸ್ಥಿತಿ ಅದೇ ಎಂದು ನಾನು ಹೇಳುತ್ತಿಲ್ಲ. ಕಾರಣವಿಲ್ಲದ ಹಾಜರಿ ಅಭ್ಯಾಸವಾದರೆ ಮನುಷ್ಯ ಏನಾಗುತ್ತಾನೆ ಎಂಬುದನ್ನು ಮಾತ್ರ ನಾನು ಕಂಡಿದ್ದೇನೆ.

ನ್ಯಾಯಾಲಯಗಳೂ ಈ ಗಂಟನ್ನು ಬಿಡಿಸಲು ಹೆಣಗಿವೆ. 1962ರಲ್ಲಿ ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪೊಲೀಸರು ರಾತ್ರಿ ಮನೆ ಬಾಗಿಲು ಬಡಿಯುವುದು ತಪ್ಪು, ಓಡಾಟದ ಮೇಲೆ ಕಣ್ಣಿಡುವುದು ತಪ್ಪಲ್ಲ ಎಂದಿತು. ಆ ಹಳೆಯ ನೋಟವನ್ನು ಬದಲಿಸಿದ ಪ್ರಕರಣ ನಮ್ಮ ಕನ್ನಡಿಗರದೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿರುದ್ಧ ಹೂಡಿದ ದಾವೆಯಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಕ್ಕೊರಲಿನಿಂದ ಸಾರಿದರು. ಅದಕ್ಕೆ ಕೈ ಹಾಕಬೇಕಾದರೆ ಕಾನೂನು ಇರಬೇಕು, ಉದ್ದೇಶ ನ್ಯಾಯವಾಗಿರಬೇಕು, ಕ್ರಮ ಅಳತೆ ಮೀರಬಾರದು.

ಅಮೆರಿಕದಲ್ಲೂ ಇದೇ ಜಗ್ಗಾಟ. 2023ರ ಫೆಬ್ರವರಿಯಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯವೊಂದು ಮೆಕ್ಸಿಕೊ ಕೊಲ್ಲಿಯ ಬಾಡಿಗೆ ಮೀನು ದೋಣಿಗಳಿಗೆ ಜಿಪಿಎಸ್ ಕಡ್ಡಾಯ ಮಾಡಿದ ನಿಯಮವನ್ನು ರದ್ದು ಮಾಡಿತು. ಮೇನ್ ರಾಜ್ಯದ ಲಾಬ್‌ಸ್ಟರ್ ಸಿಗಡಿ ಹಿಡಿಯುವವರು ಅಂಥದೇ ನಿಯಮದ ವಿರುದ್ಧ ಹೋದಾಗ, 2024ರಲ್ಲಿ ಕೆಳಗಿನ ನ್ಯಾಯಾಲಯ ಅವರ ದಾವೆಯನ್ನು ವಜಾ ಮಾಡಿತು. ಮೊದಲೇ ಬಿಗಿ ಕಟ್ಟಳೆಯಲ್ಲಿರುವ ಕಸುಬಿಗೆ ವಾರಂಟಿನ ರಕ್ಷಣೆ ಕಡಿಮೆ ಎಂಬ ವಾದ ಅಲ್ಲಿ ಗೆದ್ದಿತು.

ನಾನು ವಕೀಲಳಲ್ಲ, ಹಾಜರಿ ಕರೆಯುವ ಟೀಚರು. ಹಾಜರಿಯ ವಿಷಯ ನನಗೆ ಗೊತ್ತಿರುವುದು ಇಷ್ಟು: ಬಾರದ ಮಗು ಎಲ್ಲಿದೆ ಎಂದು ಹುಡುಕಲು ಹಾಜರಿ ಕರೆದರೆ ಅದು ತಾಯ್ತನ, ಬಂದ ಮಗುವನ್ನು ಹಿಡಿಯಲು ಕರೆದರೆ ಅದು ಪೊಲೀಸುತನ. ಪುಸ್ತಕ ಒಂದೇ. ಬೋಟಿನ ಹಾಜರಿಯನ್ನು ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಾವ ಕಾರಣಕ್ಕೆ ತೆರೆಯುತ್ತಾರೆ ಎಂಬುದನ್ನು ಕಾನೂನು ಬಿಡಿಸಿ ಹೇಳಲಿ. ಕಾಪಾಡಲು ಯಾವಾಗ ಬೇಕಾದರೂ ತೆರೆಯಲಿ, ಶಿಕ್ಷಿಸಲು ತೆರೆಯುವ ಮೊದಲು ಕಾರಣ ಬರೆದಿಡಲಿ.

ಮಲ್ಪೆಯಲ್ಲಿ ಪ್ರಶ್ನೆ ಕೇಳಿದ ಹುಡುಗ ಈಗ ದೊಡ್ಡವನಾಗಿದ್ದಾನೆ. ಅವನಿಗೆ ಕೊಡಲು ಈಗ ನನ್ನಲ್ಲಿ ಉತ್ತರವಿದೆ. ಚೀಲ ಬಿಚ್ಚಿ ತೋರಿಸುತ್ತಿದ್ದ ಆ ಇನ್ನೊಬ್ಬನಿಗೆ ಮಾತ್ರ, ಹಣ ಸಿಕ್ಕಿತಪ್ಪಾ, ತಪ್ಪು ನನ್ನದೇ ಎಂದು ತರಗತಿಯೆದುರು ನಾನು ಹೇಳಲಿಲ್ಲ. ಇಂದು ಇಲ್ಲಿ ಬರೆದಿದ್ದೇನೆ.