ರಾಗಿಯ ಬಾಳಿಕೆಯೂ ತಳಿಸಂಸ್ಕಾರವೂ

ಬೆಂಗಳೂರಿನ ಪಶ್ಚಿಮಭಾಗದಲ್ಲಿ ಮಾಗಡಿ ರಸ್ತೆಯನ್ನು ಹೊಂದಿಕೊಂಡಿರುವ ಕಾಮಾಕ್ಷಿಪಾಳ್ಯದಲ್ಲಿ ಇಂದು ಕಾರ್ಖಾನೆಗಳು ನೆರೆದಿವೆ. ಆದರೆ ಆ ದಾರಿಯು ಮುಂದುವರಿದು ಸೇರುವ ಮಾಗಡಿಯ ಸೀಮೆಯು ರಾಗಿಯ ನೆಲ. ಇಂತಹ ಸೀಮೆಗಳ ಒಕ್ಕಲಿಗರು ರಾಗಿಯನ್ನು ಹಗೇವಿಗೆ ಸುರಿದು ಬಾಯಿ ಮುಚ್ಚಿ ವರ್ಷಗಟ್ಟಲೆ ನಿಶ್ಚಿಂತರಾಗಿರುತ್ತಿದ್ದರು. ಅದೇ ಮನೆಯ ಬೇಳೆಕಾಳುಗಳಿಗಾದರೋ ಕೆಮ್ಮಣ್ಣು ಕಟ್ಟಿ ಬಿಸಿಲಿಗೆ ಹಾಕದಿದ್ದರೆ ಕುಟ್ಟೆ ಹಿಡಿಯುವುದು ತಪ್ಪುತ್ತಿರಲಿಲ್ಲ. ಕೋಷ್ಠಾಗಾರದ ಅರ್ಧವನ್ನು ಆಪತ್ಕಾಲಕ್ಕೆ ಮೀಸಲಿಟ್ಟು ಹಳೆಯ ಧಾನ್ಯವನ್ನು ಹೊಸದರಿಂದ ಬದಲಿಸುತ್ತಿರಬೇಕೆಂದು ಕೌಟಿಲ್ಯನು ವಿಧಿಸಿರುವುದು ಇಂತಹ ಕೇಡನ್ನು ಬಲ್ಲವನ ಮಾತು.

ಕನಕದಾಸರ ‘ರಾಮಧಾನ್ಯಚರಿತ್ರೆ’ಯಲ್ಲಿ ನರೆದಲೆಗವೂ ವ್ರೀಹಿಯೂ ಆರು ತಿಂಗಳು ಸೆರೆಯಲ್ಲಿರುತ್ತವೆ, ವ್ರೀಹಿಯು ಕಂದುತ್ತದೆ, ರಾಗಿಯು ಗಟ್ಟಿಯಾಗಿ ಉಳಿಯುತ್ತದೆ. ಈ ಕಾವ್ಯವನ್ನು ಕುಲಾಭಿಮಾನದ ಖಂಡನೆಯೆಂದು ಬೋಧಿಸುವುದು ಯುಕ್ತವೇ ಸರಿ. ಆದರೆ ಆ ಸೆರೆವಾಸವು ಬರಿಯ ಕವಿಕಲ್ಪನೆಯಲ್ಲ, ಹಗೇವನ್ನು ಕಂಡವರ ಪರೀಕ್ಷೆಯೆಂಬುದನ್ನು ಮರೆಯಲಾಗದು. (ಉಮಿಯುಳ್ಳ ಭತ್ತವು ಅಕ್ಕಿಗಿಂತ ಚೆನ್ನಾಗಿ ಬಾಳುವುದರಿಂದ ವ್ರೀಹಿಯ ಪಕ್ಷದವರ ಆಕ್ಷೇಪಕ್ಕೂ ಎಡೆಯಿದೆ.)

ಈ ಬಾಳಿಕೆಯ ಕಾರಣವು ಕಾಳಿನ ಗಾತ್ರದಲ್ಲಿದೆ. ಮೂತಿಹುಳುವು ಕಾಳನ್ನು ಕೊರೆದು ಒಳಗೆ ಮೊಟ್ಟೆಯಿಟ್ಟು ಮೇಲೆ ಮುಚ್ಚುತ್ತದೆ. ಮರಿಯು ಆ ಕಾಳಿನೊಳಗೇ ತಿಂದು ಬೆಳೆದು ಹೊರಬರುತ್ತದೆ. ಬಲಿತ ಹುಳುವಿನ ಉದ್ದ ಸುಮಾರು 3 ಮಿಲಿಮೀಟರು. ರಾಗಿಯ ಕಾಳು 1ರಿಂದ 2 ಮಿಲಿಮೀಟರು. ಮರಿಗೆ ಅಲ್ಲಿ ಮನೆಯೇ ಇಲ್ಲ. ಹಿಟ್ಟು ಮಾಡಿಟ್ಟರೆ ರಾಗಿಗೂ ಹುಳು ಬೀಳುವುದರಿಂದ, ರಕ್ಷೆಯು ಇಡಿಗಾಳಿನದೆಂಬುದು ಸ್ಪಷ್ಟ.

1908ರಲ್ಲಿ ಕೀಟಶಾಸ್ತ್ರಜ್ಞರಾಗಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ನರು 1913ರಲ್ಲಿ ವ್ಯವಸಾಯ ಇಲಾಖೆಯ ಮುಖ್ಯಸ್ಥರಾದರು. ಹೆಬ್ಬಾಳದಲ್ಲಿ ಎಚ್-22 ಮೊದಲಾದ ರಾಗಿಯ ತಳಿಗಳು ಸಿದ್ಧವಾದವು. ಆಮೇಲೆ ಮಂಡ್ಯದ ವಿ. ಸಿ. ಫಾರಂನಲ್ಲಿ ಸಿ. ಎಚ್. ಲಕ್ಷ್ಮಣಯ್ಯನವರು ನಾಡರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿ 1970ರ ದಶಕದಲ್ಲಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಇಂಡಿಯ, ಆಫ್ರಿಕ ಎಂಬೆರಡು ಹೆಸರುಗಳ ಕೂಡಿಕೆಯೇ ಆ ಹೆಸರು. ಅಲ್ಲಿ ಉದ್ದೇಶವು ಮುಖ್ಯವಾಗಿ ಇಳುವರಿ. ಕಾಳು ಕಿರಿದಾಗಿಯೇ ಉಳಿದುದರಿಂದ ಹಗೇವಿನ ಗುಣವು ಯಾರೂ ಬೇಡದೆಯೇ ಹೊಸ ತಳಿಗಳಿಗೂ ಬಂದಿತು.

ಜೋಳಕ್ಕೆ ಈ ಭಾಗ್ಯವಿರಲಿಲ್ಲ. ಉತ್ತರ ಕರ್ನಾಟಕದ ರೈತನು ಹಿಂಗಾರಿ ಜೋಳದ ಕಾಳನ್ನು ಹಲ್ಲಿನಲ್ಲಿ ಕಡಿದು ಅದರ ಗಟ್ಟಿತನವನ್ನು ಅರಿಯುತ್ತಿದ್ದನು. 1964ರಲ್ಲಿ ಸಿ.ಎಸ್.ಎಚ್.-1 ಎಂಬ ಸಂಕರ ಜೋಳವು ಬಂದ ಮೇಲೆ ಇಳುವರಿಯು ಏರಿತು, ಆದರೆ ಮೆತುಗಾಳಿನ ತಳಿಗಳು ಮೂತಿಹುಳುವಿಗೆ ಸುಲಭವಾದ ತುತ್ತಾದವು. ಹೊಲದಲ್ಲಿ ಪಡೆದುದರ ಒಂದು ಪಾಲನ್ನು ಕಣಜದಲ್ಲಿ ಕಳೆದುಕೊಂಡಂತಾಯಿತು. ತಳಿಯನ್ನು ಕಣದಲ್ಲಿ ತೂಗಿದವರು ಆರು ತಿಂಗಳ ಬಳಿಕ ಮತ್ತೊಮ್ಮೆ ತೂಗಬೇಕಾಗಿತ್ತು.

ಬೇಳೆಕಾಳಿನಲ್ಲಿ ಕೀಟನಿರೋಧವನ್ನೇ ಗುರಿಯಾಗಿಟ್ಟ ಪ್ರಯತ್ನವು ನೈಜೀರಿಯದ ಇಬಾದಾನಿನಲ್ಲಿ ನಡೆಯಿತು. ಅಲ್ಲಿಯ ಸಂಶೋಧಕರು 1970ರ ದಶಕದಲ್ಲಿ ಸಾವಿರಾರು ಅಲಸಂದೆಯ ಮಾದರಿಗಳನ್ನು ಶೋಧಿಸಿ, ಕುಟ್ಟೆಹುಳುವಿನ ಬೆಳವಣಿಗೆಯನ್ನು ತಡೆಯುವ ಟಿ.ವಿ.ಯು.-2027 ಎಂಬುದನ್ನು ಕಂಡು, ಸಂಕರಕ್ಕೆ ಬಳಸಿದರು. ಆದರೆ ಅದರ ರಕ್ಷೆಯು ಕಾಳಿನ ದ್ರವ್ಯದಲ್ಲಿತ್ತು, ಗಾತ್ರದಲ್ಲಿರಲಿಲ್ಲ. ತಲೆಮಾರುಗಳು ಕಳೆದಂತೆ ಆ ಕಾಳನ್ನೂ ತಿಂದು ಬದುಕಬಲ್ಲ ಹುಳುಗಳು ಪ್ರಯೋಗಶಾಲೆಯಲ್ಲೇ ಹುಟ್ಟಿಕೊಂಡವು.