ಮರಳಿ ಬಂದವರ ಕಸುಬು

ಬಾಬೆಲಿನ ಸೆರೆವಾಸದಿಂದ ಯೆಹೂದ್ಯರು ಮರಳಿದ ವೃತ್ತಾಂತವನ್ನು ನಾವು ದೇವಾಲಯದ ಪುನರ್ನಿರ್ಮಾಣದ ಕಥೆಯೆಂದೇ ಓದುತ್ತೇವೆ. ಕ್ರಿ.ಪೂ. 538ರ ಸುಮಾರಿಗೆ ಅರಸನಾದ ಕೋರೆಷನ ಅಪ್ಪಣೆ ಪಡೆದು ಬಂದವರೂ ಅವರ ಸಂತತಿಯವರೂ ಊರಿನಲ್ಲಿ ಹೊಟ್ಟೆಪಾಡಿಗೆ ಏನು ಮಾಡಿದರೆಂದು ಕೇಳುವವರು ವಿರಳ.

ಸುಳಿವು ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯದಲ್ಲಿದೆ. ಬರೀ ಹೆಸರುಗಳ ಪಟ್ಟಿಯೆಂದು ನಾವು ದಾಟಿಬಿಡುವ ಅಧ್ಯಾಯವದು. ಕ್ರಿ.ಪೂ. 445ರಲ್ಲಿ ಯೆರೂಸಲೇಮಿನ ಗೋಡೆ ಕಟ್ಟಿದವರ ನಡುವೆ ಸುಗಂಧದ್ರವ್ಯ ತಯಾರಿಸುವ ಹನನ್ಯನಿದ್ದಾನೆ. ಕುರಿಬಾಗಿಲಿನ ಬಳಿಯ ಪಾಲನ್ನು ಅಕ್ಕಸಾಲಿಗರೂ ವರ್ತಕರೂ ಸೇರಿ ದುರಸ್ತಿ ಮಾಡುತ್ತಾರೆ. ಆದರೆ ಗಿರಾಕಿಗಳೆಲ್ಲಿ? ಪಟ್ಟಣ ವಿಶಾಲವಾಗಿದ್ದರೂ ಅದರೊಳಗೆ ಜನರು ಕೊಂಚವೇ ಇದ್ದರು. ಬಾಬೆಲಿನಲ್ಲೇ ಉಳಿದವರ ಬದುಕು ಅಷ್ಟು ಕಷ್ಟದ್ದಾಗಿರಲಿಲ್ಲ. ನಿಪ್ಪುರಿನಲ್ಲಿ 1893ರಲ್ಲಿ ದೊರೆತ ಮುರಾಶು ಮನೆತನದ ಲೇವಾದೇವಿ ಫಲಕಗಳಲ್ಲಿ ಯೆಹೂದ್ಯರ ಹೆಸರುಗಳು ಹಲವಿವೆ.

ಬರಗಾಲವೂ ಬಂದಿತು. ಧಾನ್ಯಕ್ಕಾಗಿ ಹೊಲ, ದ್ರಾಕ್ಷಿತೋಟ, ಮನೆಗಳು ಒತ್ತೆಬಿದ್ದವು. ಅರಸನ ಕಂದಾಯ ತೆರಲು ಜನ ಸಾಲವೆತ್ತಿದರು. ಕಡೆಗೆ ಹೆತ್ತ ಮಕ್ಕಳನ್ನೇ ಜೀತಕ್ಕಿಟ್ಟರು. ಸಾಲ ಕೊಟ್ಟವರು ಯಾರು ಗೊತ್ತೇ? ಸ್ವಂತ ಕುಲದ ಶ್ರೀಮಂತರು! ಗೋಡೆಯ ಹೊರಗಿನ ಸನ್ಬಲ್ಲಟನ ಕುತಂತ್ರವನ್ನು ಕುರಿತು ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇವೆ. ಒಳಗಿನ ಈ ಬಡ್ಡಿಯ ಕುರಿತು ಕೇಳಿದ್ದು ಕಡಿಮೆ.

ಇದು ನಮಗೆ ದೂರದ ಸಂಗತಿಯೇನಲ್ಲ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದಾಗ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಅಮ್ಮಾನಿನಿಂದ ವಿಮಾನವೇರಿ ಸ್ವದೇಶಕ್ಕೆ ಮರಳಿದರು. ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳೂ ಅವರಲ್ಲಿದ್ದವು. ದುಡಿದ ಹಣ ಅಲ್ಲಿಯೇ ಸಿಲುಕಿತ್ತು. ವಿಶ್ವಸಂಸ್ಥೆಯ ಮೂಲಕ ಪರಿಹಾರ ಕೈಸೇರಲು ವರ್ಷಗಳೇ ಹಿಡಿದವು. ಆ ನಡುವೆ ಒಂದು ದಿನಸಿ ಅಂಗಡಿಯನ್ನೋ ಹೊಲಿಗೆಯ ಅಂಗಡಿಯನ್ನೋ ತೆರೆಯಬಯಸಿದವನು ನೆಂಟರ, ನೆರೆಯವರ ಬಾಗಿಲನ್ನೇ ತಟ್ಟಬೇಕಾಗಿತ್ತು. ನಿನ್ನೆಯವರೆಗೆ ಗಲ್ಫಿನ ಧಣಿ, ಇಂದು ಸಾಲಗಾರ. ಅಂಥವನಿಗೆ ನಾವು ಯಾವ ಬಡ್ಡಿಗೆ ಕೊಟ್ಟೆವು?

ನೆಹೆಮೀಯನು ಕೋಪಗೊಂಡು ಮಹಾಸಭೆ ಸೇರಿಸಿದನು. ಸಾಲ ಕೊಟ್ಟವರಲ್ಲಿ ತಾನೂ ತನ್ನ ಸಹೋದರರೂ ಇದ್ದಾರೆಂಬುದನ್ನು ಅವನು ಮರೆಮಾಚಲಿಲ್ಲ. ಅಧಿಕಾರಿಗಳ ಬರಹದಲ್ಲಿ ಇಂಥ ಮಾತು ಅಪರೂಪ. ಹೊಲ, ತೋಟ, ಮನೆಗಳೊಡನೆ ನೂರಕ್ಕೆ ಒಂದರ ಬಡ್ಡಿಯನ್ನೂ ಅದೇ ದಿನ ಹಿಂದಿರುಗಿಸಬೇಕೆಂದನು. ಅದು ತಿಂಗಳ ಲೆಕ್ಕವೆಂದು ಹಲವು ವಿದ್ವಾಂಸರ ಅಭಿಪ್ರಾಯ. ಹಾಗಾದರೆ ವರ್ಷಕ್ಕೆ ನೂರಕ್ಕೆ 12. ನಮ್ಮ ಪೇಟೆಗಳಲ್ಲಿ ಕೈಸಾಲಕ್ಕೆ ತಿಂಗಳಿಗೆ ಮೂರು, ಐದು ರೂಪಾಯಿ ಕೇಳುವವರಿಗೆ ಇದು ಬಡ್ಡಿಯೆಂದೇ ಅನಿಸಲಿಕ್ಕಿಲ್ಲ! ಧನಿಕರು ಒಪ್ಪಿಕೊಂಡರು. ಬಾಯಿಮಾತು ಅವನಿಗೆ ಸಾಲದಾಯಿತು. ಯಾಜಕರನ್ನು ಕರೆಸಿ, ಅವರ ಮುಂದೆ ಆಣೆಯಿಡಿಸಿದನು.