ಭಾನುವಾರದ ರಜೆ ಯಾರು ಕೊಟ್ಟದ್ದು?

ಈ ಸಲದ ಮಾತು ಒಂದು ಕ್ವಿಜ್ ಪ್ರಶ್ನೆಯಿಂದ ಶುರು.

ಭಾರತದಲ್ಲಿ ಭಾನುವಾರದ ರಜೆ ತಂದವರು ಯಾರು? ಸಾಮಾನ್ಯ ಜ್ಞಾನದ ಪುಸ್ತಕ ತೆಗೆದರೆ ಉತ್ತರ ಒಂದೇ ಸಾಲು: ನಾರಾಯಣ ಮೇಘಾಜಿ ಲೋಖಂಡೆ, 10 ಜೂನ್ 1890. ಇದನ್ನೇ ಆಫೀಸಿನ ಕ್ಯಾಂಟೀನಿನಲ್ಲಿ ಕೇಳಿ ನೋಡಿ, ಹತ್ತರಲ್ಲಿ ಎಂಟು ಜನ "ಬ್ರಿಟಿಷರು ಕಣ್ರೀ, ಚರ್ಚಿಗೆ ಹೋಗಬೇಕಿತ್ತಲ್ಲ" ಅಂತಾರೆ. ಅದು ಅರ್ಧ ನಿಜ. ಬ್ರಿಟಿಷರ ಕಚೇರಿಗಳಿಗೆ ಭಾನುವಾರ ಬಾಗಿಲು ಹಾಕ್ತಿತ್ತು. ಆದರೆ ಅದೇ ಊರಿನ ಬಟ್ಟೆ ಗಿರಣಿಯಲ್ಲಿ ನೂಲು ತೆಗೆಯುವವನಿಗೆ ಆ ರಜೆ ಇರಲಿಲ್ಲ. ಇವತ್ತಿನ ಮಾತೆಲ್ಲ ಈ ವ್ಯತ್ಯಾಸದ ಬಗ್ಗೆಯೇ.

ಮೊದಲು ಒಂದು ವಿಷಯ. ಭಾನುವಾರ ಬರೋಕೆ ಮುಂಚೆ ನಮ್ಮಲ್ಲಿ ಬಿಡುವೇ ಇರಲಿಲ್ಲ ಅಂತೇನಿಲ್ಲ. ಹಳೆಯ ಪಾಠಶಾಲೆಗಳಲ್ಲಿ ಪಾಡ್ಯ, ಅಷ್ಟಮಿಗಳಂದು ಪಾಠ ಇಲ್ಲ. ಅಮಾವಾಸ್ಯೆ ದಿನ ಎಷ್ಟೋ ಕಸುಬಿನವರು ಕೆಲಸಕ್ಕೆ ಕೈ ಹಾಕ್ತಿರಲಿಲ್ಲ. ನಮ್ಮ ಕಡೆ ಹಳ್ಳಿಯವರಿಗೆ ಇನ್ನೊಂದು ನೆನಪಿರಬೇಕು: ಸೋಮವಾರ ಎತ್ತು ಹೂಡೋ ಹಾಗಿಲ್ಲ, ಅದು ಬಸವಣ್ಣನ ದಿನ. ಅಂದರೆ ಎತ್ತಿಗೂ ವಾರಕ್ಕೊಂದು ರಜೆ ಇತ್ತು! ಬೇಸಾಯದ ಕೆಲಸಕ್ಕೆ ತಿಥಿ, ಮಳೆ, ಸಂತೆ, ಜಾತ್ರೆ ಇವೇ ಕ್ಯಾಲೆಂಡರ್. ಆ ಲೆಕ್ಕ ಮುರಿದದ್ದು ಯಂತ್ರ ಬಂದಮೇಲೆ. ಯಂತ್ರಕ್ಕೆ ಅಮಾವಾಸ್ಯೆ ಗೊತ್ತಿಲ್ಲ.

ಮುಂಬೈಯಲ್ಲಿ ಮೊದಲ ಹತ್ತಿ ಗಿರಣಿ ಕಟ್ಟಲು ಹೊರಟವರು ಕಾವಸ್‌ಜಿ ನಾನಾಭಾಯಿ ದಾವರ್, 1854ರಲ್ಲಿ. ಮುಂದಿನ ಮೂವತ್ತು ವರ್ಷದಲ್ಲಿ ಊರ ತುಂಬ ಚಿಮಣಿಗಳು ಎದ್ದವು. ಕೊಂಕಣ ಮತ್ತು ಘಟ್ಟದ ಮೇಲಿನ ಹಳ್ಳಿಗಳಿಂದ ಜನ ಬಂದರು. ಆಗ ಗಿರಣಿಗಳಲ್ಲಿ ವಿದ್ಯುತ್ ದೀಪ ಇಲ್ಲ. ಹಾಗಾಗಿ ಕೆಲಸದ ಹೊತ್ತು ನಿರ್ಧರಿಸಿದ್ದು ಸೂರ್ಯ: ಬೆಳಕು ಹರಿದಾಗ ಶುರು, ಕತ್ತಲಾದಾಗ ಬಂದ್. ಇಲ್ಲಿ ಸ್ವಲ್ಪ ಭೂಗೋಳ ಬರುತ್ತೆ. ಮುಂಬೈ ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರಿನಲ್ಲಿ ಹಗಲು 11 ಗಂಟೆ, ಜೂನ್ ಹೊತ್ತಿಗೆ 13 ಗಂಟೆ ದಾಟುತ್ತೆ. ಸೆಖೆ ಹೆಚ್ಚಾದಂತೆ ದುಡಿತವೂ ಹೆಚ್ಚು. ನಡುವೆ ಸಿಗುವ ಬಿಡುವು ಅರ್ಧ ಗಂಟೆ ಇದ್ದರೆ ಪುಣ್ಯ. ಹೋಳಿ, ದೀಪಾವಳಿಗೆ ಗಿರಣಿ ನಿಲ್ಲುತ್ತಿತ್ತು. ವಾರಕ್ಕೊಂದು ದಿನ ಅಂತ ಖಾತ್ರಿಯ ರಜೆ ಇರಲಿಲ್ಲ.

1881ರಲ್ಲಿ ಮೊದಲ ಕಾರ್ಖಾನೆ ಕಾಯ್ದೆ ಬಂತು. ನೂರು ಅಥವಾ ಹೆಚ್ಚು ಜನರಿರುವ ಕಾರ್ಖಾನೆಗಳಿಗೆ ಮಾತ್ರ. 7 ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು, 7ರಿಂದ 12ರವರಿಗೆ ದಿನಕ್ಕೆ 9 ಗಂಟೆ, ತಿಂಗಳಿಗೆ 4 ರಜೆ. ದೊಡ್ಡವರಿಗೆ ಏನೂ ಇಲ್ಲ. ಈ ಕಾಯ್ದೆಯ ಹಿಂದೆ ಬರೀ ಕರುಣೆ ಇರಲಿಲ್ಲ. ಮುಂಬೈ ಗಿರಣಿಗಳು ಅಗ್ಗದ ನೂಲು ತೆಗೆದು ಮಾರುಕಟ್ಟೆ ಕಿತ್ತುಕೊಳ್ತಿವೆ ಅನ್ನೋ ಭಯ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿ ಮಾಲೀಕರಿಗೆ ಇತ್ತು. ಇಲ್ಲಿ ಕಾನೂನು ಬಿಗಿಯಾದರೆ ಅವರಿಗೆ ಲಾಭ. ಹಾಗಾಗಿ ಇಲ್ಲಿನ ಮಾಲೀಕರು, ಅವರ ಜೊತೆಗೆ ಅನೇಕ ರಾಷ್ಟ್ರೀಯವಾದಿ ಪತ್ರಿಕೆಗಳು ಕೂಡ "ಇದು ನಮ್ಮ ಉದ್ಯಮ ಮುಳುಗಿಸುವ ಹುನ್ನಾರ" ಅಂತ ವಿರೋಧಿಸಿದರು. ಎರಡು ಕಡೆಯ ಮಾಲೀಕರ ಜಗಳದಲ್ಲಿ ಗಿರಣಿಯೊಳಗೆ ನಿಂತವನನ್ನು ಕೇಳೋರು ಯಾರು?

ಕೇಳಿದವರು ಲೋಖಂಡೆ. 1848ರಲ್ಲಿ ಠಾಣೆಯಲ್ಲಿ ಹುಟ್ಟಿದವರು. ಮೆಟ್ರಿಕ್‌ವರೆಗೆ ಓದಿ, ರೈಲ್ವೆಯಲ್ಲಿ, ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ, ಆಮೇಲೆ ಮಾಂಡ್ವಿಯ ಒಂದು ಗಿರಣಿಯಲ್ಲಿ ಸ್ಟೋರ್‌ಕೀಪರ್ ಆದರು. ಗಿರಣಿಯ ಒಳಗಿನ ಬದುಕು ಅವರು ಕಣ್ಣಾರೆ ಕಂಡದ್ದು. ಜೋತಿರಾವ್ ಫುಲೆಯವರ ಸತ್ಯಶೋಧಕ ಸಮಾಜದವರು. 1880ರಿಂದ 'ದೀನಬಂಧು' ಪತ್ರಿಕೆಯ ಹೊಣೆ ಹೊತ್ತು ಕಾರ್ಮಿಕರ ವಿಷಯ ಬರೆಯತೊಡಗಿದರು. 1884ರ ಸೆಪ್ಟೆಂಬರಿನಲ್ಲಿ ಕಾರ್ಮಿಕರ ಸಭೆ ಕರೆದು ಒಂದು ಮನವಿ ತಯಾರಿಸಿದರು. ಅದಕ್ಕೆ ಸುಮಾರು 5,500 ಸಹಿ ಬಿತ್ತು.

ಆ ಮನವಿಯಲ್ಲಿ ಏನಿತ್ತು ಅಂತ ನಿಧಾನವಾಗಿ ಓದಿ. ಭಾನುವಾರ ಪೂರ್ತಿ ರಜೆ. ಮಧ್ಯಾಹ್ನ ಅರ್ಧ ಗಂಟೆ ಬಿಡುವು. ಕೆಲಸ ಬೆಳಗ್ಗೆ ಆರೂವರೆಗೆ ಮೊದಲು ಶುರುವಾಗಬಾರದು, ಸೂರ್ಯಾಸ್ತಕ್ಕೆ ಮುಗಿಯಬೇಕು. ಹಿಂದಿನ ತಿಂಗಳ ಸಂಬಳ ಈ ತಿಂಗಳ 15ರೊಳಗೆ ಕೈಗೆ ಬರಬೇಕು. ಯಂತ್ರಕ್ಕೆ ಸಿಕ್ಕಿ ಗಾಯವಾದರೆ ವಾಸಿಯಾಗುವವರೆಗೆ ಸಂಬಳ, ಕೈಕಾಲು ಹೋದರೆ ಬದುಕಿಗೊಂದು ದಾರಿ. ಇದರಲ್ಲಿ ಯಾವುದಾದರೂ ಅತಿಯಾಸೆ ಅನ್ಸುತ್ತಾ?

ಭಾನುವಾರವೇ ಯಾಕೆ ಅನ್ನೋದಕ್ಕೆ ಮಹಾರಾಷ್ಟ್ರದಲ್ಲಿ ಹೇಳುವ ಕಾರಣ ಕನ್ನಡದವರಿಗೆ ಖುಷಿ ಕೊಡುತ್ತೆ. ಆ ಕಾರ್ಮಿಕರಲ್ಲಿ ಎಷ್ಟೋ ಜನರ ಮನೆದೇವರು ಜೇಜುರಿಯ ಖಂಡೋಬಾ. ಖಂಡೋಬಾನ ವಾರ ಭಾನುವಾರ. ಈ ಖಂಡೋಬಾ ಬೇರೆ ಯಾರೂ ಅಲ್ಲ, ನಮ್ಮ ಮೈಲಾರಲಿಂಗನೇ. ಪುಣೆಯಲ್ಲಿರುವವರು ಜೇಜುರಿಗೆ ಹೋಗಿದ್ದರೆ "ಯಳಕೋಟ್ ಯಳಕೋಟ್" ಅಂತ ಕೂಗೋದು ಕೇಳಿರ್ತೀರಿ. ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಅದೇ ಕೂಗು "ಏಳು ಕೋಟಿ". ಚರ್ಚಿನ ಭಾನುವಾರ ಬೇರೆ, ಗಿರಣಿಯವರು ಕೇಳಿದ ಭಾನುವಾರ ಬೇರೆ. ನಮ್ಮ ಉತ್ತರ ಕರ್ನಾಟಕದ ಮಂದಿ ಅದನ್ನು ಐತವಾರ ಅಂತಾರೆ.

1884ರ ಮನವಿಗೆ ಕೂಡಲೇ ಫಲ ಸಿಗಲಿಲ್ಲ. ಮತ್ತೆ ಮನವಿ, ಮತ್ತೆ ಸಭೆ. 24 ಏಪ್ರಿಲ್ 1890ರಂದು ಮುಂಬೈಯಲ್ಲಿ ಸುಮಾರು 10,000 ಕಾರ್ಮಿಕರು ಸೇರಿದರು. ಇಬ್ಬರು ಹೆಣ್ಣುಮಕ್ಕಳು ಎದ್ದು ನಿಂತು ವಾರದ ರಜೆ ಬೇಕು ಅಂತ ಮಾತಾಡಿದರು. 1890ರಲ್ಲಿ ಗಿರಣಿ ಕೆಲಸದ ಹೆಣ್ಣುಮಗಳು ಬಹಿರಂಗ ಸಭೆಯಲ್ಲಿ ಮಾತಾಡೋದು ಅಂದ್ರೆ ಸಣ್ಣ ವಿಷಯ ಅಲ್ಲ. ಒಂದೂವರೆ ತಿಂಗಳಲ್ಲಿ, ಜೂನ್ 10ರಂದು, ಗಿರಣಿ ಮಾಲೀಕರ ಸಂಘ ಒಪ್ಪಿತು. ಮರುವರ್ಷ, 1891ರ ಕಾಯ್ದೆಯಲ್ಲಿ ವಾರದ ರಜೆ ಕಾನೂನೇ ಆಯಿತು. ಲೋಖಂಡೆ 1897ರಲ್ಲಿ, ಮುಂಬೈಗೆ ಬಡಿದ ಪ್ಲೇಗಿನಲ್ಲಿ ತೀರಿಕೊಂಡರು. ವಯಸ್ಸು ಐವತ್ತೂ ಆಗಿರಲಿಲ್ಲ. 2005ರಲ್ಲಿ ಅವರ ಹೆಸರಿನ ಅಂಚೆ ಚೀಟಿ ಬಂತು.

ಈಗ ಸ್ವಲ್ಪ ಲೆಕ್ಕ, ನಮ್ಮ ಕಸುಬೇ ಅದಲ್ವಾ. ದೊಡ್ಡ ಗಂಡಸರ ಕೆಲಸದ ಹೊತ್ತಿಗೆ 1891ರಲ್ಲೂ ಮಿತಿ ಇರಲಿಲ್ಲ. 1911ರಲ್ಲಿ ಬಟ್ಟೆ ಗಿರಣಿಗಳಿಗೆ ದಿನಕ್ಕೆ 12 ಗಂಟೆ ಅಂತಾಯ್ತು. 1922ರಲ್ಲಿ ವಾರಕ್ಕೆ 60 ಗಂಟೆ. 1934ರಲ್ಲಿ 54. 1946ರಲ್ಲಿ 48. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆಯೂ ಅದೇ 48 ಅನ್ನು ಉಳಿಸಿಕೊಂಡಿತು. ಅದರಲ್ಲೇ ಇನ್ನೊಂದು ಮಾತಿತ್ತು: ವಾರದ ಮೊದಲ ದಿನ, ಅಂದರೆ ಭಾನುವಾರ, ಕೆಲಸ ಮಾಡಿಸಿದರೆ ಹಿಂದಿನ ಅಥವಾ ಮುಂದಿನ ಮೂರು ದಿನದೊಳಗೆ ಒಂದು ಇಡೀ ದಿನ ರಜೆ ಕೊಡಬೇಕಿತ್ತು. ನಾವು ಮ್ಯಾನೇಜರ್ ಹತ್ರ ಸಂಕೋಚದಿಂದ ಕೇಳೋ ಕಾಂಪ್-ಆಫ್‌ನ ಅಜ್ಜ ಇದು.

ಈಚೆಗೆ ವಾರಕ್ಕೆ 70 ಗಂಟೆ ದುಡಿಯಿರಿ, 90 ಗಂಟೆ ದುಡಿಯಿರಿ, ಭಾನುವಾರ ಮನೇಲಿ ಕೂತು ಏನು ಮಾಡ್ತೀರಿ ಅನ್ನೋ ಮಾತುಗಳು ಕೇಳಿಬಂದವು. ಹೇಳಿದವರ ಹೆಸರು ನಿಮಗೆಲ್ಲ ಗೊತ್ತು. ಪರ ವಿರೋಧ ಬಿಡಿ, ಗುಣಾಕಾರ ಮಾಡಿ. ಬೇಸಿಗೆಯ 13 ಗಂಟೆ ಹಗಲು, ವಾರಕ್ಕೆ 7 ದಿನ: 91. ಅಂದರೆ 90 ಗಂಟೆ ಅನ್ನೋದು ಹೊಸ ಕಾಲದ ಕನಸೇನಲ್ಲ, ಲೋಖಂಡೆ ಅರ್ಜಿ ಬರೆಯುವ ಮುಂಚಿನ ಗಿರಣಿಯ ವಾರ ಅದು. 70 ಗಂಟೆ ಅಂದರೆ 1922ರ ಬ್ರಿಟಿಷ್ ಸರ್ಕಾರದ ಮಿತಿಗಿಂತ 10 ಗಂಟೆ ಜಾಸ್ತಿ.

ಹಾಗಂತ ನಾವು ಗಿರಣಿ ಕಾರ್ಮಿಕರಷ್ಟೇ ಕಷ್ಟದಲ್ಲಿದ್ದೀವಿ ಅಂತ ಹೇಳಿದರೆ ಅದು ಅವರಿಗೆ ಅವಮಾನ. ನಮಗೆ ಶನಿವಾರವೂ ರಜೆ, ಎಸಿ, ಸಂಬಳ ತಿಂಗಳ ಕೊನೆಗೇ ಬರುತ್ತೆ. ಇತಿಹಾಸದಲ್ಲಿ ನಮ್ಮ ಜಾಗ ನೋಡಿದರೆ, ಬ್ರಿಟಿಷ್ ಕಚೇರಿಯ ಗುಮಾಸ್ತರ ಪಕ್ಕದ ಕುರ್ಚಿ ನಮ್ಮದು. ರಜೆ ಮೊದಲು ಸಿಕ್ಕಿದ್ದು ಅವರಿಗೆ. ಇವತ್ತು ಭಾನುವಾರ ಮಧ್ಯಾಹ್ನ ಬಿಸಿಬಿಸಿ ಬಿರಿಯಾನಿ ತಂದು ಬಾಗಿಲಲ್ಲಿ ನಿಲ್ಲೋ ಹುಡುಗನಿಗೆ, ಸೊಸೈಟಿಯ ಗೇಟಿನ ವಾಚ್‌ಮನ್‌ಗೆ, ಪಾತ್ರೆ ತೊಳೆಯೋಕೆ ಬರುವ ಅಕ್ಕನಿಗೆ ವಾರದ ರಜೆ ಯಾವಾಗ? ನಮ್ಮ ಮನೆಯ ಮಟ್ಟಿಗೆ ಆ ಅಕ್ಕನ ರಜೆ ತೀರ್ಮಾನ ಮಾಡೋ ಗಿರಣಿ ಮಾಲೀಕರು ನಾವೇ. ಅದಕ್ಕೆ ಯಾವ ಕಾಯ್ದೆಗೂ ಕಾಯಬೇಕಾಗಿಲ್ಲ.

ಕ್ವಿಜ್‌ನಲ್ಲಿ ಈ ಪ್ರಶ್ನೆ ಬಂದರೆ 10 ಜೂನ್ 1890 ಅಂತಲೇ ಹೇಳಿ, ಅಂಕ ಸಿಗುತ್ತೆ. ಆದರೆ ಆ ದಿನಾಂಕದ ಹಿಂದೆ 5,500 ಸಹಿಗಳಿವೆ, ಆರು ವರ್ಷದ ಕಾಯುವಿಕೆ ಇದೆ, ಎದ್ದು ನಿಂತು ಮಾತಾಡಿದ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಪುಸ್ತಕದ ಆ ಒಂದು ಸಾಲಿನಲ್ಲಿ ಅವರಿಗೆ ಜಾಗ ಸಾಲಲಿಲ್ಲ, ಅಷ್ಟೆ.

ನಿಮ್ಮ ಊರಲ್ಲಿ ಎತ್ತಿಗೆ, ಮಗ್ಗಕ್ಕೆ, ಕುಲುಮೆಗೆ ಯಾವ ವಾರ ಬಿಡುವು ಇತ್ತು? ಮನೆಗೆ ಫೋನ್ ಮಾಡಿದಾಗ ಅಜ್ಜ-ಅಜ್ಜಿಯರನ್ನ ಕೇಳಿ, ನಮಗೂ ಬರೆದು ತಿಳಿಸಿ. ಮುಂದಿನ ವಾರ ಸಿಗೋಣ.